ಮಂಗಳೂರಿಗೆ ಕಳಿಸುವುದಿಲ್ಲ!

"ಬೈಕಿನ ಕೀ ಕೊಡಿ!"

ಆಸ್ಪತ್ರೆಯ ಗೇಟಿನ ಬಳಿ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದ ಅನೆಸ್ತೇಶಿಯಾ ಡಾಕ್ಟರ್ ಮುನವ್ವರ್ ಬೆಚ್ಚಿ ತಿರುಗಿದ. ಬಿಳಿ ಕೋಟು, ಜಾರುತ್ತಿದ್ದ ಶಾಲು, ಕೆಂಡ ಕಾರುವ ಕಣ್ಣು...

"ಯಾರು ನೀವು?"

"ಅಫೀಫಾ. ಹೌಸ್ ಸರ್ಜನ್. ಲೇಬರ್ ರೂಮಿಗೆ ಇವತ್ತೇ ಬಂದದ್ದು. ಒಳಗೆ ಪರಮೇಶ್ವರಿ ಅಂತ ಒಬ್ಬರಿಗೆ ಸಿಸೇರಿಯನ್ ಆಗಬೇಕು. ಅನೆಸ್ತೇಶಿಯಾ ಡಾಕ್ಟರ್ ಮನೆಗೆ ಹೋದರು, ಮಂಗಳೂರಿಗೆ ಕಳಿಸಿ ಅಂತಿದ್ದಾರೆ. ನೀವು ಹೋಗಿಲ್ಲ ಅಲ್ವಾ?"

"ನಿನ್ನೆಯಿಂದ ನಾನು ಕಣ್ಣು ಮುಚ್ಚಿಲ್ಲ ಮಾರಾಯ್ತಿ!"

"ಪರಮೇಶ್ವರಿ ಕಣ್ಣು ಮುಚ್ಚುವುದು ಬೇಡ ಅಂತಲೇ ನಾನು ಓಡಿ ಬಂದದ್ದು!"

ಅಷ್ಟು ಹೇಳಿ ಅವಳೇ ಬಗ್ಗಿ ಕೀ ಎಳೆದುಕೊಂಡು ಒಳಗೆ ನಡೆದೇಬಿಟ್ಟಳು. ಅವನಿಗೆ ಸಿಟ್ಟು ಬರಬೇಕಿತ್ತು. ಹಾಳಾದ್ದು, ನಗು ಬಂತು!

ಮಧ್ಯಾಹ್ನದ ಹೊತ್ತಿಗೆ ಪರಮೇಶ್ವರಿಗೆ ಹೆಣ್ಣುಮಗು ಹುಟ್ಟಿತು. ಅಫೀಫಾ ಕೀ ಹಿಂದಿರುಗಿಸಿದಳು. ಕ್ಷಮೆ ಮಾತ್ರ ಕೇಳಲಿಲ್ಲ.

ಕಾಸರಗೋಡಿನವರಿಗೆ ಇದೊಂದು ರೂಢಿ. ಎದೆ ನೋವಾದರೂ ಮಂಗಳೂರು, ಕಾಲು ಮುರಿದರೂ ಮಂಗಳೂರು. ಡಾಕ್ಟರ್ ನಾಡಿ ಹಿಡಿಯುವ ಮೊದಲೇ ಮನೆಯವರು ಆಂಬ್ಯುಲೆನ್ಸಿಗೆ ಫೋನ್ ಮಾಡಿರುತ್ತಾರೆ! ಆಸ್ಪತ್ರೆಯ ಸ್ಥಿತಿಯೂ ಹಾಗೆಯೇ ಇತ್ತೆನ್ನಿ. ಲಿಫ್ಟ್ ಕೆಟ್ಟು ಯಾವ ಕಾಲವಾಯಿತೋ, ಗ್ಲೌಸ್ ಬಂದರೆ ಹತ್ತಿ ಇಲ್ಲ, ಹತ್ತಿ ಬಂದರೆ ಹೊಲಿಗೆಯ ನೂಲಿಲ್ಲ. ಇಡೀ ಆಸ್ಪತ್ರೆಗೆ ಅನೆಸ್ತೇಶಿಯಾ ಕೊಡಲು ಮುನವ್ವರ್ ಒಬ್ಬನೇ. ಅವನು ರಜೆ ಹಾಕಿದರೆ ಆಪರೇಷನ್ ಥಿಯೇಟರಿಗೂ ರಜೆ.

'ಇಲ್ಲದ್ದಕ್ಕೆ ಅಳುತ್ತಾ ಕೂತರೆ ನಾನು ಕಲಿಯುವುದು ಯಾವಾಗ?' ಇದು ಅಫೀಫಾಳ ಹಟ. ಮುರಿದ ಸ್ಟ್ಯಾಂಡಿನ ಬದಲು ಕಿಟಕಿಯ ಸರಳಿಗೆ ಡ್ರಿಪ್ ಬಾಟಲಿ ಕಟ್ಟುವಳು, ಸ್ಟೋರಿನವರೊಂದಿಗೆ ಜಗಳವಾಡಿ ಹತ್ತಿ ತರುವಳು. ಮುನವ್ವರ್ ದೂರದಿಂದ ನೋಡುವನು. ಆಮೇಲೆ ಹತ್ತಿರದಿಂದ ನೋಡತೊಡಗಿದ. ಕೆಲಸ ಮುಗಿಸಿ ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ ಅವನ ಮಾತಿಗೆ ಅವಳ ಕೆನ್ನೆ ಬಿಸಿಯಾಗುತ್ತಿತ್ತು. 'ಚಹಾ ಬಿಸಿ ಇರುವುದಕ್ಕೆ' ಎಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಿದ್ದಳು ಹುಡುಗಿ!

ಅಷ್ಟರಲ್ಲಿ ಅವಳ ತಂಗಿ ಶಾಹಿನಾಳ ಚೊಚ್ಚಲ ಹೆರಿಗೆ ಹತ್ತಿರ ಬಂತು. ಚೊಚ್ಚಲ ಹೆರಿಗೆ ಎಂದರೆ ತವರಿನ ಮರ್ಯಾದೆ. ಉಪ್ಪಳದ ಅವರ ಬಂಧುಗಳಲ್ಲಿ ಅದು ಮಂಗಳೂರಿನ ದೊಡ್ಡ ಆಸ್ಪತ್ರೆಯ ಎ.ಸಿ. ರೂಮಿನಲ್ಲೇ ಆಗಬೇಕು.

"ಸರಕಾರಿ ಆಸ್ಪತ್ರೆಯಾ? ಬಂದ್ಯೋಡಿನ ಬೀಗರು ಎಂತ ಹೇಳಿಯಾರು? ನಮಗೆ ಗತಿ ಇಲ್ವಾ?" ಎಂದು ತಾಯಿ ಕುಂಞಾಮಿನ ಹಣೆ ಚಚ್ಚಿಕೊಂಡರು.

"ನಾನು ಕಲಿಯುವ ಆಸ್ಪತ್ರೆ ನನ್ನ ತಂಗಿಗೇ ಆಗದಿದ್ದರೆ, ಬೇರೆಯವರ ಮಕ್ಕಳನ್ನು ಅಲ್ಲಿ ಯಾವ ಮುಖದಲ್ಲಿ ಮುಟ್ಟಲಿ ಉಮ್ಮ?"

ಶಾಹಿನಾ ಮೆತ್ತಗೆ ಹೇಳಿದಳು, "ಅಕ್ಕ ಇರುವಲ್ಲಿಗೇ ನಾನು ಹೋಗುವುದು."

ಅವರ ತಂದೆ, ಉಪ್ಪ ಅಬ್ದುಲ್ ರಹಿಮಾನ್ ಹಾಜಿ ಟೊಪ್ಪಿ ಹಾಕಿಕೊಂಡು ಹೊರಗೆ ನಡೆದರು. ಹೇಳದವರ ಹೊಟ್ಟೆಯಲ್ಲಿ ಏನಿದೆ ಎಂದು ಯಾರು ಬಲ್ಲರು?

ಮರುವಾರ ಅಫೀಫಾ ವಾರ್ಡಿನ ತಿರುವಿನಲ್ಲಿ ಉಪ್ಪನ ದನಿ ಕೇಳಿ ನಿಂತಳು. ಎದುರಿಗೆ ಮುನವ್ವರ್!

"ಹೆರಿಗೆಯ ವಾರ ನೀವು ರಜೆ ಹಾಕಿದರೆ ಸಾಕು ಡಾಕ್ಟ್ರೇ. ನೀವಿಲ್ಲ ಅಂದ್ರೆ ಮಂಗಳೂರಿಗೆ ಬರೆದು ಕೊಡ್ತಾರೆ. ನನ್ನ ಮಗಳ ಹಟ ನಾನು ಮುರಿದ ಹಾಗೂ ಆಗುವುದಿಲ್ಲ, ನಮ್ಮ ಮರ್ಯಾದೆಯೂ ಉಳೀತದೆ."

ಮುನವ್ವರ್ ಕೊರಳಿನ ಸ್ಟೆತಸ್ಕೋಪ್ ತೆಗೆದು ಜೇಬಿಗೆ ಹಾಕಿದ. "ಆಯ್ತು ಹಾಜಿಯವರೇ. ರಜೆ ಹಾಕ್ತೇನೆ."

ಅಫೀಫಾ ತಿರುವಿನಿಂದಲೇ ಹಿಂದೆ ಸರಿದಳು. ಇವನೂನಾ? ನನ್ನ ಕನಸನ್ನೆಲ್ಲ ಕೇಳಿಸಿಕೊಂಡವನು, ಒಂದೇ ಮಾತಿಗೆ ಮಾರಿಬಿಟ್ಟನಾ?

ಸಂಜೆ ಅವನು ಹುಡುಕಿಕೊಂಡು ಬಂದ. "ಅಫೀಫಾ, ನಿನ್ನ ಹತ್ತಿರ ಒಂದು ವಿಷಯ ಹೇಳ್ಲಿಕ್ಕುಂಟು..."

"ಬೇಡ. ನಿಮಗೆ ರಜೆ ಉಂಟಲ್ಲ? ಹೋಗಿ, ಆರಾಮ ಮಾಡಿ!"

"ಒಂದು ನಿಮಿಷ ಕೇಳು ಮಾರಾಯ್ತಿ!"

ಕೇಳುವುದೆಲ್ಲಿಂದ? ಅವಳು ಬಿರಬಿರನೆ ಹೋಗಿಬಿಟ್ಟಳು. ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿ ಅತ್ತಳು. ನೀರು ಬರಲಿಲ್ಲ, ಕಣ್ಣೀರು ಮಾತ್ರ ಬಂತು.

ಶಾಹಿನಾಳಿಗೆ ನೋವು ಶುರುವಾದದ್ದು ಶುಕ್ರವಾರ ಬೆಳಿಗ್ಗೆ. ಮೊದಲು ಎಲ್ಲ ಸರಿಯಿತ್ತು. ಮಸೀದಿಯಿಂದ ಜುಮಾ ಬಾಂಗ್ ಕೇಳುವ ಹೊತ್ತಿಗೆ ಮಗುವಿನ ಎದೆಬಡಿತ ಇಳಿಯತೊಡಗಿತು. ಹೆರಿಗೆ ಡಾಕ್ಟರ್ ಕಮಲ ಒಮ್ಮೆ ನೋಡಿ, "ಕೂಡಲೇ ಸಿಸೇರಿಯನ್!" ಎಂದು ಥಿಯೇಟರಿನ ಕಡೆ ಓಡಿದರು.

ಹಾಜಿಯವರು ಆಗಲೇ ಆಂಬ್ಯುಲೆನ್ಸ್ ತರಿಸಿದ್ದರು. ಡ್ರೈವರ್ ಲೋಕನಾಥ ಹಿಂದಿನ ಬಾಗಿಲು ತೆರೆದಿಟ್ಟಿದ್ದ. ಮನೆಯವರು ಸ್ಟ್ರೆಚರನ್ನು ಆ ಕಡೆ ಎಳೆದರು.

ಅಫೀಫಾ ಅಡ್ಡ ನಿಂತಳು.

"ಇವಳನ್ನು ಗಾಡಿಗೆ ಹತ್ತಿಸಲು ನಾನು ಬಿಡುವುದಿಲ್ಲ!"

"ಹುಚ್ಚಾ ನಿನಗೆ? ಅನೆಸ್ತೇಶಿಯಾ ಡಾಕ್ಟರ್ ರಜೆಯಲ್ಲಿದ್ದಾರೆ!" ಹಾಜಿಯವರು ಸ್ಟ್ರೆಚರನ್ನು ಮತ್ತೆ ಎಳೆದರು.

"ಹೈವೇ ಕೆಲಸ ನಡೀತಾ ಉಂಟು, ತಲಪಾಡಿವರೆಗೂ ಬ್ಲಾಕ್. ಹೌದಾ ಲೋಕಣ್ಣ?"

ಲೋಕನಾಥ ತಲೆ ಬಗ್ಗಿಸಿದ. "ಹೌದಕ್ಕ. ಸೈರನ್ ಹಾಕಿದ್ರೂ ಜಾಗ ಇಲ್ಲ."

"ಮಗು ಅಷ್ಟು ಹೊತ್ತು ಕಾಯುವುದಿಲ್ಲ ಉಪ್ಪ! ನಿಮ್ಮ ಡಾಕ್ಟರ್ ಎಲ್ಲಿ ಅಡಗಿದ್ದರೂ ಕುತ್ತಿಗೆ ಹಿಡಿದು ಎಳೆದು ತರ್ತೇನೆ. ದಾರಿ ಬಿಡಿ!"

ಅವಳು ಸ್ಟ್ರೆಚರ್ ತಿರುಗಿಸಿ ಥಿಯೇಟರಿನತ್ತ ತಳ್ಳಿದಳು. ಶಾಹಿನಾ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. 'ಯಾ ಅಲ್ಲಾಹ್, ನನ್ನ ಹಟಕ್ಕೆ ಇವಳನ್ನು ಬಲಿ ಕೊಡುತ್ತಿದ್ದೇನಾ?' ಮೊದಲ ಸಲ ಅವಳಿಗೆ ನಿಜವಾಗಿ ಹೆದರಿಕೆಯಾಯಿತು.

ಥಿಯೇಟರಿನ ಬಾಗಿಲು ಒಳಗಿನಿಂದಲೇ ತೆರೆಯಿತು.

ಹಸಿರು ಬಟ್ಟೆ ತೊಟ್ಟು, ಇಂಜೆಕ್ಷನ್ ತಯಾರು ಮಾಡಿಟ್ಟು ನಿಂತಿದ್ದವನು ಮುನವ್ವರ್!

"ನೀವು... ನೀವು ರಜೆ ಹಾಕಿದ್ದಲ್ವಾ?" ಹಿಂದಿನಿಂದ ಓಡಿ ಬಂದ ಹಾಜಿಯವರು ದಂಗಾದರು.

"ಹಾಕಿದ್ದೇನೆ ಹಾಜಿಯವರೇ. ನಿಮ್ಮ ಮಾತು ಮೀರಲಿಲ್ಲ. ರಜೆಯಲ್ಲಿ ಎಲ್ಲಿ ಕೂತಿರಬೇಕು ಅಂತ ನೀವು ಹೇಳಿರಲಿಲ್ಲ. ಈ ವಾರವಿಡೀ ನಾನು ಇಲ್ಲಿಯೇ, ಥಿಯೇಟರಿನ ಹಿಂದಿನ ಕೋಣೆಯಲ್ಲೇ ಇದ್ದೇನೆ. ಕಮಲ ಡಾಕ್ಟರಿಗೆ ಗೊತ್ತುಂಟು."

"ಮಾತು ಆಮೇಲೆ!" ಒಳಗಿನಿಂದ ಕಮಲ ಡಾಕ್ಟರ್ ಗದರಿದರು.

ಅಫೀಫಾ ತಂಗಿಯ ತಲೆಯ ಬಳಿ ಕೂತಳು. ಪಕ್ಕದಲ್ಲೇ ಮುನವ್ವರ್. "ಬೆನ್ನು ಬಗ್ಗಿಸು ತಂಗಿ, ಹಾಗೇ ಇರು, ಆಯ್ತು ಆಯ್ತು" ಎನ್ನುತ್ತಿದ್ದ ಅವನ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಅವಳು ತಂಗಿಯ ಹಣೆಯ ಬೆವರು ಒರೆಸಿದಳು. ಕೊನೆಗೆ ಬಂತು ಆ ಅಳು! ಮೊದಲು ಸಣ್ಣಗೆ, ಆಮೇಲೆ ಇಡೀ ಆಸ್ಪತ್ರೆಯನ್ನೇ ಬೈಯುವಂತೆ ಜೋರಾಗಿ.

ಗಂಡುಮಗು.

ಹೊರಗೆ ಹಾಜಿಯವರು ಮೊಮ್ಮಗನ ಕಿವಿಯಲ್ಲಿ ಬಾಂಗ್ ಹೇಳಿದರು. ಲೋಕನಾಥ ಆಂಬ್ಯುಲೆನ್ಸಿನ ಬಾಗಿಲು ಮುಚ್ಚಿ ಹೊರಟ. ಉಮ್ಮ ಬಂದ್ಯೋಡಿಗೆ ಫೋನ್ ಮಾಡಿ, "ಇಲ್ಲಿಯೇ ಆಯ್ತು. ನಮ್ಮ ಅಫೀಫಾಳ ಆಸ್ಪತ್ರೆಯಲ್ಲಿ!" ಎಂದು ಊರಿಗೆಲ್ಲ ಕೇಳುವಂತೆ ಹೇಳಿದರು.

ಮೆಟ್ಟಿಲ ಬಳಿ ಮುನವ್ವರ್ ಒಬ್ಬನೇ ನಿಂತಿದ್ದ. ಅಫೀಫಾ ಹೋಗಿ ಎದುರಿಗೆ ನಿಂತಳು. ಕಣ್ಣು ತುಂಬಿತ್ತು.

"ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಲು ಬಂದೆ. ನೀನು ಬಿಟ್ಟೆಯಾ?"

"ಉಪ್ಪನ ಎದುರಿಗೇ ಆಗುವುದಿಲ್ಲ ಅನ್ನಬಹುದಿತ್ತಲ್ಲ!"

"ಅನ್ನಬಹುದಿತ್ತು. ಆದರೆ ಅವರ ಹತ್ತಿರ ನಾಳೆ ನಾನೊಂದು ಕೇಳುವುದುಂಟು. ಮೊದಲ ಮಾತಿಗೇ ಇಲ್ಲ ಅಂದ್ರೆ ಹೇಗೆ?"

"ಎಂತ ಕೇಳುವುದು?" ಗೊತ್ತಿದ್ದೂ ಕೇಳಿದಳು ಕಳ್ಳಿ!

"ನಿನ್ನನ್ನು."

ಅವಳು ಕಣ್ಣೊರೆಸಿಕೊಂಡು ಗಲ್ಲ ಎತ್ತಿದಳು. "ಕೇಳಿ. ಆದರೆ ಮದುವೆಯಾದ್ರೂ ನಾನು ಈ ಆಸ್ಪತ್ರೆ ಬಿಡುವುದಿಲ್ಲ. ಈಗಲೇ ಹೇಳಿದ್ದೇನೆ!"

"ಬಿಡು ಅಂತ ಹೇಳಿದವರು ಯಾರು? ನೀನಿಲ್ಲದಿದ್ರೆ ಇಲ್ಲಿ ನನ್ನನ್ನು ಬೈಯಲಿಕ್ಕೆ ಯಾರಿದ್ದಾರೆ?" ಅವನು ನಕ್ಕು ದನಿ ತಗ್ಗಿಸಿದ. "ಮದುವೆ ಬಟ್ಟೆಗಾದರೂ ಒಮ್ಮೆ ಮಂಗಳೂರಿಗೆ ಹೋಗೋಣವಾ?"

"ಎಂತಕ್ಕೆ? ಉಪ್ಪಳದಲ್ಲಿ ಬಟ್ಟೆಯಂಗಡಿ ಇಲ್ವಾ?" ಎಂದು ಅಫೀಫಾ ಅವನ ಕೈ ಹಿಡಿದುಕೊಂಡಳು.