ಗುಂಡ್ಯದ ಕೊನೆಯ ದೃಶ್ಯ

ಲೊಚ್, ಲೊಚ್, ಲೊಚ್.

ಭವಿತಾಳಿಗೆ ಎಚ್ಚರವಾದದ್ದು ಆ ಸಣ್ಣ ಸದ್ದಿಗೆ. ಹಲ್ಲಿ. ಅದರ ಬೆನ್ನಿಗೇ ಮರದ ಮೇಲೆ ಬೆರಳು ಬಡಿದ ಹಾಗೆ— ಟಕ್ ಟಕ್ ಟಕ್. ಮತ್ತೆ ಎಲ್ಲೋ ದೂರದಲ್ಲಿ ಲಾರಿಯ ಹಾರ್ನ್. ಪಕ್ಕದಲ್ಲಿ ಗಂಡ ಉದಯ ಬಾಯಿ ತೆರೆದು ಮಲಗಿದ್ದ. ಹಿಂಬಾಗಿಲಿಗೆ ಚಿಲಕ ಹಾಕಿದೆನೇ? ಗ್ಯಾಸ್ ಆರಿಸಿದೆನೇ? ಪ್ರತಿ ರಾತ್ರಿಯ ಹಾಗೆ ಮನಸ್ಸಿನಲ್ಲೇ ಮನೆಯಿಡೀ ಒಂದು ಸುತ್ತು ಬಂದಳು. ಎಲ್ಲ ಸರಿಯಿದೆ ಅನ್ನಿಸಿತು. ಕಣ್ಣು ಮುಚ್ಚಿದಳು.

ಬೆಳಿಗ್ಗೆ ಎದ್ದರೆ ಸಿನಿಮಾವೇ ಕಾಣೆ!

"ಯಾರು ತೆಗೆದದ್ದು? ಹೇಳಿ, ಯಾರು ತೆಗೆದದ್ದು?" ಉದಯ ಚಾವಡಿಯಲ್ಲಿ ಟಿ.ವಿ.ಯ ಹಿಂದೆ ಮಂಡಿಯೂರಿ ಕಿರುಚುತ್ತಿದ್ದ. ರಾತ್ರಿ ಅಲ್ಲಿ ಚುಚ್ಚಿಟ್ಟಿದ್ದ ಹಾರ್ಡ್ ಡಿಸ್ಕ್ ಇರಲಿಲ್ಲ. ವೈರು ಕೂಡ ಇರಲಿಲ್ಲ.

ಅಂಗೈಯಷ್ಟು ಅಗಲದ ಆ ಕಪ್ಪು ಡಬ್ಬಿಯಲ್ಲಿದ್ದದ್ದು 'ಗುಂಡ್ಯದಲ್ಲಿ ಇಳಿದವನು'. ಉದಯ ಎರಡು ವರ್ಷ ಒದ್ದಾಡಿ ತೆಗೆದ ಪತ್ತೇದಾರಿ ಸಿನಿಮಾ. ಬಜೆಟ್ ಎಂಬುದು ಬರೀ ಮಾತಿಗೆ. ಲೈಟಿನ ಬದಲು ಗುಂಡ್ಯದಲ್ಲಿ ಘಾಟಿ ಇಳಿಯುವ ಲಾರಿಗಳ ಹೆಡ್‌ಲೈಟು. ಪೊಲೀಸ್ ಠಾಣೆಯ ಬದಲು ಬೋರ್ಡು ಬದಲಿಸಿದ ಹಾಲಿನ ಸೊಸೈಟಿ. ಪತ್ತೇದಾರನ ಕೋಟು ಸುಳ್ಯದ ಒಬ್ಬ ವಕೀಲರದ್ದು. ಕೋರ್ಟಿಗೆ ರಜೆ ಇದ್ದ ದಿನ ಮಾತ್ರ ಶೂಟಿಂಗ್. ಯಾರ ವಾಚು ಯಾವ ಕೈಯಲ್ಲಿತ್ತು, ಯಾರ ಅಂಗಿ ಎಷ್ಟು ಒದ್ದೆಯಾಗಿತ್ತು ಎಂದು ದೃಶ್ಯದಿಂದ ದೃಶ್ಯಕ್ಕೆ ನೆನಪಿಟ್ಟುಕೊಳ್ಳುವ ಕೆಲಸ ಭವಿತಾಳದು. ಹೆದರುವ ಸ್ವಭಾವದವರಿಗೆ ಕಣ್ಣು ಚುರುಕು ಎಂದು ಉದಯನೇ ಅವಳಿಗೆ ಅದನ್ನು ವಹಿಸಿದ್ದ. ಅವಳು ತೋರಿಸಿದ ತಪ್ಪುಗಳಲ್ಲಿ ಅವನು ತಿದ್ದಿದ್ದು ಅರ್ಧ ಮಾತ್ರ.

ಹನ್ನೊಂದು ಗಂಟೆಗೆ ಪುತ್ತೂರಿನಲ್ಲಿ ವಿತರಕ ಮುರಳಿಕೃಷ್ಣರಿಗೆ ಸಿನಿಮಾ ತೋರಿಸಬೇಕಿತ್ತು. ಮತ್ತೆ ಅವರು ಬೇಗ ಸಿಗುವವರಲ್ಲ. ಅವರು ಒಪ್ಪಿದರೆ ಥಿಯೇಟರು. ಇಲ್ಲವಾದರೆ ಎರಡು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

"ಇನ್ನೊಂದು ಕಾಪಿ ಇಲ್ವಾ?" ಎಂದ ಕೀರ್ತನ್. ಉದಯನ ನೆಂಟ, ಸಿನಿಮಾದ ಪತ್ತೇದಾರ ಅವನೇ. ರಾತ್ರಿ ಜಗಲಿಯಲ್ಲಿ ಮಲಗಿದ್ದ.

"ಇತ್ತು. ಕಳೆದ ವಾರದ ಸಿಡಿಲಿಗೆ ಕಂಪ್ಯೂಟರಿನೊಟ್ಟಿಗೆ ಸುಟ್ಟು ಹೋಯಿತು."

ಮತ್ತೊಂದು ಕಾಪಿ ಮಾಡಿಡಿ ಎಂದು ಭವಿತಾ ವಾರವಿಡೀ ಹೇಳಿದ್ದಳು. ಈಗ ಟಿ.ವಿ.ಯ ಕೆಳಗೆಲ್ಲ ಹುಡುಕತೊಡಗಿದಳು.

ಉದಯ ನೇರ ಜಗಲಿಗೆ ಹೋದ. ಸಾಹುಲ್ ಹಮೀದ್ ಅಲ್ಲಿ ಚಾಪೆ ಮಡಚುತ್ತಿದ್ದ. ಸಿನಿಮಾದ ಎಡಿಟಿಂಗ್, ಸೌಂಡ್ ಎರಡೂ ಅವನದೇ.

"ಡಿಸ್ಕ್ ಕೊಡು ಸಾಹುಲ್."

"ಎಂತ?"

"ನಿನ್ನೆ ನೀನು ಎಂತ ಹೇಳಿದ್ದು? ಪಿಟೀಲು ಹಾಕಿದ್ರೆ ಸಿನಿಮಾ ಹೊರಗೆ ಹೋಗ್ಲಿಕ್ಕೆ ಬಿಡುದಿಲ್ಲ ಅಂತ ಹೇಳಿದ್ದಾ ಇಲ್ವಾ?"

ಹೇಳಿದ್ದು ಹೌದು. ಹಿಂದಿನ ಸಂಜೆ ಮನೆಯವರೆಲ್ಲ ಕೂತು ಸಿನಿಮಾ ನೋಡಿ ಮುಗಿಸಿದ ಮೇಲೆ ಅದರ ಬಲ, ದೌರ್ಬಲ್ಯಗಳ ಪಂಚಾಯಿತಿ ನಡೆದಿತ್ತು. ಗುಂಡ್ಯದ ರಾತ್ರಿಗಳು ನಿಜಕ್ಕೂ ಹೆದರಿಸುತ್ತವೆ ಎಂಬುದರಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಉದಯನ ತಂದೆ ಕುಕ್ಕಪ್ಪಗೌಡರು ಕೊಲೆಗಾರನಾದ ಚಾ ಹೋಟೆಲಿನ ಯಜಮಾನನ ಪಾತ್ರದಲ್ಲಿ ಉಳಿದ ನಟರನ್ನೆಲ್ಲ ನುಂಗಿ ಹಾಕಿದ್ದರು. "ಹೀರೋ ನಾನಾ, ಕುಕ್ಕಪ್ಪ ಮಾವನ ಹೆಣವಾ?" ಎಂದು ಕೀರ್ತನ್ ಮುಖ ಊದಿಸಿಕೊಂಡಿದ್ದ. "ನಿಮ್ಮ ಪತ್ತೇದಾರ ಎಂತ ನೋಡಿ ಕೊಲೆಗಾರನನ್ನು ಹಿಡಿದದ್ದು? ನೋಡುವವರಿಗೆ ಒಂದು ಸುಳಿವಾದ್ರೂ ಬೇಡ್ವಾ?" ಎಂದು ಭವಿತಾ ಕೇಳಿದ್ದಳು. "ನೀನು ಸುರು ಮಾಡ್ಬೇಡ ಮಾರಾಯ್ತಿ" ಎಂದು ಗಂಡ ಬಾಯಿ ಮುಚ್ಚಿಸಿದ್ದ.

ನಿಜವಾದ ಜಗಳವಾದದ್ದು ಕೊನೆಯ ದೃಶ್ಯಕ್ಕೆ. ಹೋಟೆಲಿನ ಬೆಂಚಿನಲ್ಲಿ ಯಜಮಾನ ಸತ್ತು ಮಲಗಿದ್ದಾನೆ. ಪತ್ತೇದಾರ ಬಗ್ಗಿ ನೋಡಿ, "ಇವನು ಇನ್ನು ಏಳುವುದಿಲ್ಲ" ಅನ್ನುತ್ತಾನೆ. ಮುಗಿಯಿತು. ಅಲ್ಲಿಗೆ ಪಿಟೀಲು ಬೇಕೆಂದು ಉದಯ. ಹೋಟೆಲಿನ ಒಳಗೆ ತಾನಾಗಿ ಸಿಕ್ಕಿದ ಸದ್ದುಗಳೇ— ಗ್ಲಾಸು ಮಗುಚುವುದು, ಗೋಡೆಯ ಹಲ್ಲಿ, ಘಾಟಿ ಹತ್ತುವ ಲಾರಿಯ ಹಾರ್ನ್— ಸಾಕೆಂದು ಸಾಹುಲ್. "ಇಡೀ ಸಿನಿಮಾದಲ್ಲಿ ಸುಳ್ಳಲ್ಲದ್ದು ಅದೊಂದೇ" ಎಂದು ಭವಿತಾ ಸಾಹುಲ್‌ನ ಪಕ್ಷ ಹಿಡಿದದ್ದರಿಂದ ಉದಯ ಗೊಣಗುತ್ತಾ ಸೋತಿದ್ದ.

"ಗೆದ್ದವನು ನಾನು ಉದಯಣ್ಣ. ಗೆದ್ದವ ಯಾಕೆ ಕದಿಯುದು?" ಸಾಹುಲ್ ಚಾಪೆಯನ್ನು ಕೆಳಗೆ ಹಾಕಿದ. "ಬ್ಯಾಗ್ ನೋಡಿ. ಬೈಕಿನ ಡಬ್ಬ ನೋಡಿ."

ಉದಯ ನಿಜವಾಗಿಯೂ ನೋಡಿದ! ಭವಿತಾಳಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಡಿಸ್ಕ್ ಸಿಗಲಿಲ್ಲ.

"ಅರ್ಧ ಗಂಟೆ ಕೊಡ್ತೇನೆ. ಅಷ್ಟರಲ್ಲಿ ಸಿಗದಿದ್ರೆ ಸುಳ್ಯ ಠಾಣೆಗೆ ಫೋನು. ಹೆಸರು ನಿಂದೇ ಕೊಡುದು."

ಸಾಹುಲ್ ಹೆಲ್ಮೆಟ್ ಎತ್ತಿಕೊಂಡವನು ಅದನ್ನು ಕೆಳಗಿಟ್ಟು ಮೆಟ್ಟಿಲಲ್ಲಿ ಕೂತ. ಎರಡು ವರ್ಷ ಈ ಮನೆಯಲ್ಲಿ ಉಂಡವನು.

ಅರ್ಧ ಗಂಟೆ. ಭವಿತಾ ಮೊದಲು ಕೀರ್ತನ್‌ನನ್ನು ಹಿಡಿದಳು.

"ರಾತ್ರಿ ಎದ್ದಿದ್ಯಾ?"

"ಇಲ್ಲಪ್ಪ. ನನ್ನ ಮೇಲೆ ಡೌಟಾ ಅತ್ತಿಗೆ? ನಾನು ಪತ್ತೇದಾರ!"

"ಸಿನಿಮಾದಲ್ಲಿ. ಅದೂ ಸುಳಿವಿಲ್ಲದ್ದು."

ಮಾವ ಕುಕ್ಕಪ್ಪಗೌಡರು ಒಳಗಿನ ಮಂಚದಲ್ಲಿ ಕೂತು ಮಾತ್ರೆ ನುಂಗುತ್ತಿದ್ದರು. ಸೋಮವಾರ ಅವರಿಗೆ ಮಂಗಳೂರಿನಲ್ಲಿ ಹೃದಯದ ಬೈಪಾಸ್. ಆಸ್ಪತ್ರೆಗೆಂದು ಕಟ್ಟಿಟ್ಟ ಚೀಲ ಮಂಚದ ಕಾಲಿಗೆ ಒರಗಿತ್ತು.

"ರಾತ್ರಿ ಎಂತಾದ್ರೂ ಸದ್ದು ಕೇಳಿತಾ ಮಾವ?"

"ಆಂ?"

"ಸದ್ದು! ರಾತ್ರಿ!"

"ನನಗೆ ಹಗಲೇ ಕೇಳುದಿಲ್ಲ, ಇನ್ನು ರಾತ್ರಿ ಎಂತದ್ದು?" ಮುದುಕರು ನಕ್ಕರು. "ಅಲ್ಲ, ನಾನು ಸತ್ತದ್ದು ಹೇಗಾಯಿತು, ಹೇಳು. ಉಸಿರು ಹಿಡಿದು ಸಾಕಾಗಿತ್ತು."

ಅತ್ತೆ ಶೀಲಾವತಿ ಅಡುಗೆಮನೆಯಲ್ಲಿ ತುರಿಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದರು.

"ಅತ್ತೆ, ರಾತ್ರಿ ಚಾವಡಿಗೆ ಯಾರಾದ್ರೂ ಬಂದದ್ದು ಗೊತ್ತುಂಟಾ?"

"ಈ ಮನೆಯಲ್ಲಿ ಕಳ್ಳರು ಯಾರೂ ಇಲ್ಲ ಮಗಾ. ಎಲ್ಲಿಗೂ ಹೋಗಿರ್ಲಿಕ್ಕಿಲ್ಲ. ಸಿಕ್ತದೆ ಅದು."

ಒಲೆಯ ಮೇಲಿನ ಗೋಡೆಯಲ್ಲಿ ಹಲ್ಲಿಯೊಂದು ಲೊಚಗುಟ್ಟಿತು. ಅತ್ತೆ ಕೈಯಲ್ಲಿದ್ದ ಕಾಯಿ ಬಿಟ್ಟು, ಬೆರಳ ಗಂಟಿನಿಂದ ಮಣೆಗೆ ಬಡಿದರು. "ಕೃಷ್ಣ ಕೃಷ್ಣ. ನೋಡು, ಹಲ್ಲಿಯೂ ಸತ್ಯ ಹೇಳಿತು."

ಭವಿತಾಳ ಮನಸ್ಸಿಗೆ ಏನೋ ತಾಗಿದ ಹಾಗಾಯಿತು. ಅಷ್ಟರಲ್ಲಿ ಹೊರಗೆ ಉದಯ ಮತ್ತೆ ಬೊಬ್ಬೆ ಹೊಡೆದ. ತಾಗಿದ್ದು ಜಾರಿತು.

ಅವಳು ಚಾವಡಿಗೆ ಬಂದು ಟಿ.ವಿ. ಹಾಕಿದಳು. ವಾರ್ತೆ ಓದುವವಳ ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಹತ್ತಿರ ಹೋಗಿ ಕಿವಿ ಕೊಟ್ಟರೆ ಪಿಸುಮಾತು. ನಿನ್ನೆ ಸಂಜೆ? ಮಾವನಿಗೆ ಕೇಳಲೆಂದು ಆಚೆ ಮನೆಗೂ ಕೇಳುವಷ್ಟು ದೊಡ್ಡದಾಗಿ ಇಟ್ಟಿದ್ದರು. ಸಿನಿಮಾ ಮುಗಿದದ್ದೇ ಆರಿಸಿದ್ದು ಅವಳೇ. ಹಾಗಾದರೆ ಸದ್ದು ತಗ್ಗಿಸಿದ್ದು ಯಾರು? ಯಾವಾಗ?

ಅವಳು ಓಡಿ ಮೆಟ್ಟಿಲಿಗೆ ಬಂದಳು.

"ಸಾಹುಲ್, ರಾತ್ರಿ ನಿನಗೆ ಲಾರಿಯ ಹಾರ್ನ್ ಕೇಳಿತಾ?"

ಅವನು ತಲೆ ಎತ್ತದೆ ನಕ್ಕ. ಕಹಿ ನಗು. "ಮರ್ಕಂಜದ ಈ ಮೂಲೆಗೆ ಲಾರಿಯಾ ಭವಿತಕ್ಕ? ಇಲ್ಲಿಗೆ ಜೀಪು ಬರುದೇ ಕಷ್ಟ. ಲಾರಿ ಇರುದು ನಮ್ಮ ಸಿನಿಮಾದಲ್ಲಿ ಮಾತ್ರ."

ಸಿನಿಮಾದಲ್ಲಿ ಮಾತ್ರ.

ಭವಿತಾ ಒಂದು ಕ್ಷಣ ಅಲ್ಲೇ ನಿಂತಳು. ಮತ್ತೆ ಒಳಗೆ ಹೋಗಿ, "ಅತ್ತೆ, ಒಮ್ಮೆ ಕೋಣೆಗೆ ಬನ್ನಿ" ಎಂದಳು. ಮಾವ ಆಗ ಹಿತ್ತಲಿಗೆ ಹೋಗಿದ್ದರು. ಅವಳು ಬಾಗಿಲು ಮುಚ್ಚಿದಳು.

"ಡಿಸ್ಕ್ ತೆಗೆದದ್ದು ನೀವು ಅತ್ತೆ."

ಶೀಲಾವತಿ ಸೆರಗಿನಲ್ಲಿ ಕೈ ಒರೆಸಿಕೊಂಡರು. "ನಾವು ಮನೆಗೆ ಸೊಸೆಯನ್ನು ತಂದದ್ದಾ, ಸಿ.ಐ.ಡಿ.ಯನ್ನಾ?"

"ರಾತ್ರಿ ನನಗೆ ಹಲ್ಲಿಯ ಸದ್ದು ಕೇಳಿತು. ಅದರ ಬೆನ್ನಿಗೆ ಲಾರಿಯ ಹಾರ್ನ್. ನಮ್ಮ ಊರಿನಲ್ಲಿ ಲಾರಿ ಎಲ್ಲಿಂದ ಬರ್ಬೇಕು? ನಾನು ಕೇಳಿದ್ದು ಸಿನಿಮಾದ ಕೊನೆಯ ದೃಶ್ಯ. ಕದ್ದವರು ಕದಿಯುವ ಮೊದಲು ಅದನ್ನು ಹಾಕಿ ನೋಡಿದ್ದಾರೆ. ಟಿ.ವಿ. ಸದ್ದು ತಗ್ಗಿಸಿ ನೋಡಿದ್ದಾರೆ. ಅಷ್ಟು ಸಣ್ಣ ಸದ್ದು ಮಾವನ ಕಿವಿಗೆ ಬೀಳುದಿಲ್ಲ. ಸಾಹುಲ್‌ಗೆ ಬೇಕಿದ್ರೆ ಅವನ ಹತ್ತಿರ ಹೆಡ್‌ಫೋನ್ ಉಂಟು."

"ಕೀರ್ತನ್ ಇಲ್ವಾ?"

"ಹಲ್ಲಿ ಮತ್ತು ಲಾರಿಯ ನಡುವೆ ಇನ್ನೊಂದು ಸದ್ದು ಇತ್ತು. ಅದು ಸಿನಿಮಾದಲ್ಲಿ ಇಲ್ಲ. ಟಕ್ ಟಕ್ ಟಕ್." ಅವಳು ಮಂಚದ ಮರಕ್ಕೆ ಬೆರಳಿನಿಂದ ಬಡಿದು ತೋರಿಸಿದಳು. "ಸಿನಿಮಾದ ಹಲ್ಲಿಗೂ ಮರ ಬಡಿಯುವವರು ಈ ಮನೆಯಲ್ಲಿ ಒಬ್ಬರೇ ಅತ್ತೆ. ಈಗ ಅಡುಗೆಮನೆಯಲ್ಲಿ ನನ್ನ ಎದುರೇ ಬಡಿದಿರಿ. ಬಡಿದದ್ದು ನಿಮಗೇ ಗೊತ್ತಾಗಿರ್ಲಿಕ್ಕಿಲ್ಲ."

ಶೀಲಾವತಿ ಮಂಚದ ಕಾಲಿನ ಬಳಿ ಹೋದರು. ಬಗ್ಗಿ ಆಸ್ಪತ್ರೆಯ ಚೀಲ ತೆರೆದು, ಹೊಸ ಟವೆಲಿನಲ್ಲಿ ಮಗುವನ್ನು ಸುತ್ತಿದ ಹಾಗೆ ಸುತ್ತಿದ್ದ ಡಬ್ಬಿಯನ್ನು ಮಂಚದ ಮೇಲಿಟ್ಟರು.

"ಹಾಳು ಮಾಡ್ಲಿಲ್ಲ. ಅವರು ಆಪರೇಷನ್ ಆಗಿ ಎದ್ದು ಕೂತ ದಿನ ನಾನೇ ಕೊಡ್ತಿದ್ದೆ."

"ಆದ್ರೆ ಯಾಕೆ ಅತ್ತೆ?"

"ಸಂಜೆ ಕೇಳಿದಾಗ ನಮ್ಮ ಗೋಡೆಯ ಹಲ್ಲಿಯಾ, ಸಿನಿಮಾದ್ದಾ ಗೊತ್ತಾಗ್ಲಿಲ್ಲ. ನಿದ್ದೆ ಹತ್ತಲಿಲ್ಲ. ಎದ್ದು ಭಜನೆ ಹಾಕುವ ಹಾಗೆ ರಿಮೋಟ್ ಒತ್ತಿ ಪುನಃ ನೋಡಿದೆ. ಅವರು ಹೆಣದ ಹಾಗೆ ಮಲಗಿದ್ದಾರೆ. ಇವ ಬಗ್ಗಿ, ಇನ್ನು ಏಳುವುದಿಲ್ಲ ಹೇಳ್ತಾನೆ. ಅಷ್ಟಕ್ಕೇ ಹಲ್ಲಿ ಸತ್ಯ ಹೇಳ್ತದೆ." ಅತ್ತೆ ಟವೆಲನ್ನು ಮತ್ತೆ ಮಡಚತೊಡಗಿದರು. "ಸೋಮವಾರ ಅವರ ಎದೆ ಕೊಯ್ಯುದು. ಇವತ್ತು ಪುತ್ತೂರಿನಲ್ಲಿ, ನಾಳೆ ಊರೂರಿನಲ್ಲಿ, ದಿನಕ್ಕೆ ನಾಲ್ಕು ಆಟ. ಪ್ರತಿ ಆಟಕ್ಕೂ ಅದು ಸತ್ಯ ಹೇಳುದಾ ಮಗಾ?"

ಭವಿತಾಳಿಗೆ ಹಲ್ಲಿಯಲ್ಲಿ ನಂಬಿಕೆ ಇರಲಿಲ್ಲ. ಆದರೆ ಚಿಲಕ ಹಾಕಿದ್ದೇನೆಂದು ಗೊತ್ತಿದ್ದೂ ರಾತ್ರಿ ಮತ್ತೆ ಮತ್ತೆ ನೆನೆಸಿಕೊಳ್ಳುವವಳು ಅವಳು. ನಂಬಿಕೆ ಬೇರೆ, ಹೆದರಿಕೆ ಬೇರೆ.

"ಉದಯನಿಗೆ ಹೇಳ್ಬೇಡ. ಅವ ಬೊಬ್ಬೆ ಹೊಡೀತಾನೆ. ಮಾತು ಅವರ ಕಿವಿಗೆ ಹೋಗ್ತದೆ. ನಾನು ಅವರ ಸಾವನ್ನು ನೆನೆಸಿಕೊಂಡು ಕೂತಿದ್ದೇನೆ ಅಂತ ಅವರಿಗೆ ಈಗ ಗೊತ್ತಾಗ್ಬಾರ್ದು."

ಭವಿತಾ ಡಬ್ಬಿಯನ್ನು ಎತ್ತಿಕೊಂಡಳು. ಚಾವಡಿಗೆ ಹೋಗಿ, "ಇಲ್ಲಿದೆ. ನನ್ನ ಬ್ಯಾಗಿನಲ್ಲೇ ಇತ್ತು. ರಾತ್ರಿ ನಾನೇ ಇಟ್ಟು ಮರೆತದ್ದು" ಎಂದಳು.

ಉದಯನ ಬಾಯಿಯಿಂದ ಬಂದದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿದಳು. ಊರಿನವರ ವಾಚು ಯಾವ ಕೈಯಲ್ಲಿತ್ತೆಂದು ಹೇಳುವವಳಿಗೆ ಸ್ವಂತ ಬ್ಯಾಗಿನಲ್ಲಿ ಎಂತ ಉಂಟೆಂದು ಗೊತ್ತಿಲ್ವಾ? ಅವಳಿಂದಾಗಿ ಸಾಹುಲ್‌ನ ಕಾಲು ಹಿಡಿಯಬೇಕಾಯಿತಲ್ಲ? ಉದಯ ಸಾಹುಲ್‌ನ ಕಾಲನ್ನೇನೂ ಹಿಡಿಯಲಿಲ್ಲ. "ಬಿಡು ಮಾರಾಯ, ಟೆನ್ಶನ್" ಎಂದು ಬೆನ್ನು ತಟ್ಟಿದ, ಅಷ್ಟೇ.

ಅತ್ತೆ ಮಾವನೂ ಜೊತೆಗೆ ಹೊರಟರು. ಕಾರು ಬೆಳ್ಳಾರೆ ದಾಟುವಾಗ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ ಸಾಹುಲ್‌ನ ಕಡೆ ವಾಲಿ ಭವಿತಾ ಮೆಲ್ಲನೆ ಹೇಳಿದಳು.

"ಕೊನೆಯ ದೃಶ್ಯದ ಹಲ್ಲಿ ತೆಗೆದುಬಿಡು."

"ಎಂತ?" ಅವನು ಅವಳನ್ನು ದಿಟ್ಟಿಸಿದ. "ನಿನ್ನೆ ನೀವೇ ಅಲ್ವಾ, ಸುಳ್ಳಲ್ಲದ್ದು ಅದೊಂದೇ ಅಂತ ಹೇಳಿದ್ದು?"

"ಈಗ ಹಾಗೆ ಅನ್ನಿಸುದಿಲ್ಲ. ಅದು ದೌರ್ಬಲ್ಯ."

ಬೆಳಿಗ್ಗೆ ಉದಯ ಬ್ಯಾಗ್ ಹುಡುಕಿದಾಗಲೂ ಸಾಹುಲ್‌ನ ಮುಖ ಅಷ್ಟು ಬಾಡಿರಲಿಲ್ಲ. ಅವನು ಹಲ್ಲಿಯ ಸದ್ದನ್ನು ತೆಗೆದ.

ಪುತ್ತೂರಿನ ಸಣ್ಣ ಸಭಾಂಗಣದಲ್ಲಿ ದೀಪ ಆರಿತು. ಕೊನೆಯ ದೃಶ್ಯ ಬಂದಾಗ ಭವಿತಾ ಪರದೆ ನೋಡಲಿಲ್ಲ, ಪಕ್ಕದ ಕುರ್ಚಿಯನ್ನು ನೋಡಿದಳು. "ಇವನು ಇನ್ನು ಏಳುವುದಿಲ್ಲ." ಕುರ್ಚಿಯ ಕೈಯ ಮೇಲೆ ಅತ್ತೆಯ ಬೆರಳು ಬಾಗಿ ಕಾಯುತ್ತಿತ್ತು. ಏನೂ ಕೇಳಲಿಲ್ಲ. ಲಾರಿ ಘಾಟಿ ಹತ್ತಿತು. ಬೆರಳು ಮೆಲ್ಲನೆ ಸಡಿಲಾಯಿತು.

ಮುರಳಿಕೃಷ್ಣರು ಕನ್ನಡಕ ತೆಗೆದು ಒರೆಸಿದರು.

"ಗುಂಡ್ಯದ ರಾತ್ರಿ ಬಹಳ ಚಂದ ಬಂದಿದೆ. ಕುಕ್ಕಪ್ಪಗೌಡ್ರೆ, ನೀವಂತೂ ಭಯಂಕರ ಮಾರಾಯ್ರೆ. ಪತ್ತೇದಾರನಿಗೆ ಸುಳಿವೇ ಇಲ್ಲ, ಅದೂ ಹೋಗ್ಲಿ. ಆದ್ರೆ ಆ ಕೊನೆ ಉಂಟಲ್ಲ... ಹೆಣ ಮಲಗಿದೆ, ಇವ ಮಾತು ಹೇಳ್ತಾನೆ, ಮತ್ತೆ ಖಾಲಿ. ಅಲ್ಲಿ ಎಂತದೋ ಒಂದು ಬೇಕಿತ್ತು. ಸಣ್ಣದೊಂದು."

"ಎಂತ ಸರ್?" ಉದಯ ಮುಂದೆ ಬಗ್ಗಿದ. "ಪಿಟೀಲಾ?"

"ಛೇ, ಪಿಟೀಲಲ್ಲ. ಎಂತ ಅಂತ ಗೊತ್ತಿದ್ರೆ ನಾನೇ ಸಿನಿಮಾ ತೆಗೀತಿದ್ದೆ. ಈಗ ಬೇಡ. ಮಳೆಗಾಲ ಕಳೆದ ಮೇಲೆ ಸರಿ ಮಾಡಿ ತನ್ನಿ, ನೋಡುವ."

ಉದಯ ಗೋಡೆಗೆ ಒರಗಿ ನಿಂತ. ಸಾಹುಲ್ ಭವಿತಾಳ ಹತ್ತಿರ ಬಂದ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸ ಮಾತ್ರ ಇತ್ತು.

"ಅಳಿಸ್ಲಿಲ್ಲ ಭವಿತಕ್ಕ, ಬೇರೆ ತೆಗೆದಿಟ್ಟಿದ್ದೇನೆ. ಈಗಾದ್ರೂ ಹೇಳಿ, ಯಾಕೆ ತೆಗೆಸಿದ್ದು?"

ಕೂತಿದ್ದ ಸಾಲಿಗೆ ಬೆಳಕು ಬಂದಿತ್ತು. ಮಾವ ಇನ್ನೂ ಕುರ್ಚಿಯಲ್ಲೇ ಕೂತು ಅತ್ತೆಯ ಕಡೆ ಕಿವಿ ಕೊಟ್ಟಿದ್ದರು.

"ನಾನು ಸತ್ತದ್ದು ಹೇಗಾಯಿತು, ಹೇಳು."

"ಚಂದ ಆಯಿತು. ಸಾಕು ಇನ್ನು. ಏಳಿ," ಎಂದು ಶೀಲಾವತಿ ಕೈ ನೀಡಿದರು. ಮಾವ ಆ ಕೈ ಹಿಡಿದು ಎದ್ದರು.

ಸಾಹುಲ್ ಕಾಯುತ್ತಿದ್ದ. ಹೇಳಿದರೆ ಅವನಿಗಾದರೂ ಸಮಾಧಾನವಾದೀತು. ಉದಯನಿಗೆ ಎಲ್ಲಿ ತಪ್ಪಿತೆಂದಾದರೂ ತಿಳಿದೀತು. ಭವಿತಾ ಇಬ್ಬರನ್ನೂ ನೋಡಿದಳು. ಸೋಮವಾರದ ಮೊದಲೂ ಬೇಡ, ಆಮೇಲೂ ಬೇಡ. ಗಂಡನಿಗೂ ಬೇಡ, ಈ ಹುಡುಗನಿಗೂ ಬೇಡ.

"ಎಂತದೂ ಇಲ್ಲ ಸಾಹುಲ್," ಎಂದಳು. "ನನಗೆ ಸುಮ್ಮನೆ ಹಾಗೆ ಅನ್ನಿಸಿತು."