ಕುರುಗೋಡು ಪೇಟೆಯ ಗೌಂಡಿ

“ಸ್ವಲ್ಪ ಸರೀರಿ, ಸುಣ್ಣ ಬೀಳ್ತೈತಿ.”

ಏಣಿಯ ಮೇಲಿನಿಂದ ಬಂದ ಆ ದನಿ ಕೇಳಿದ್ದೇ ತಡ, ಮೌನಿಕಾ ನಿಂತಲ್ಲೇ ನಿಂತುಬಿಟ್ಟಳು. ತಲೆ ಎತ್ತಿದಳು. ಕರಣೆ ಹಿಡಿದ ಕೈ, ಸುಣ್ಣ ಮೆತ್ತಿದ ಅಂಗಿ...

ಕರಿಬಸವ.

ಅವನೂ ನೋಡಿದ. ಕರಣೆ ಗೋಡೆಗೆ ಒತ್ತಿದ ಹಾಗೇ ಉಳಿಯಿತು.

ಎರಡು ವರ್ಷದ ಹಿಂದೆ ಅವಳನ್ನು ನೋಡಲು ಅವಳ ಊರು ಕರೂರಿಗೆ ಬಂದಿದ್ದ ವರ ಅವನು, ಗೋಡೆ ಕಟ್ಟುವ ಗೌಂಡಿ. ಬೇರೆ ವರಗಳೆಲ್ಲ ಸಿರುಗುಪ್ಪದ ಶಾಲೆಯಲ್ಲಿ ಅವಳ ಟೀಚರ್ ಕೆಲಸ ಕಾಯಂ ಹೌದೋ ಅಲ್ಲವೋ ಎಂದು ವಿಚಾರಿಸಿದ್ದರು. ಇವನೊಬ್ಬ ಮಾತ್ರ, “ಸಾಲ್ಯಾಗ ಮಕ್ಕಳು ಬಾಳ ಕಾಡ್ತಾವೇನ್ರಿ?” ಎಂದು ಕೇಳಿದ್ದ. ಅವಳು ಮಕ್ಕಳ ತುಂಟಾಟಗಳನ್ನು ಹೇಳುತ್ತ ಹೋದಳು, ಅವನು ನಗುತ್ತ ಕೇಳುತ್ತ ಕೂತ. ಆ ಸಂಜೆಯೇ ಅವಳು ದೊಡ್ಡಮ್ಮನಿಗೆ ಒಪ್ಪಿಗೆ ಹೇಳಿದ್ದಳು.

ವಾರದ ಮೇಲೆ ದೊಡ್ಡಮ್ಮ ತಂದ ಸುದ್ದಿಯೇ ಬೇರೆ. ‘ಅವ್ರಿಗೆ ನೀನು ಮನಸಿಗಿ ಬರಲಿಲ್ಲಂತವ್ವ.’

“ಆರಾಮದೀರೇನ್ರಿ?” ಅವನೇ ಕೇಳಿದ.

“ಹೂಂ ರೀ.”

ಬೇಡ ಅಂದವನಿಗೆ ನನ್ನ ಆರಾಮು ಕಟ್ಟಿಕೊಂಡು ಏನಾಗಬೇಕು... ಕಣ್ಣು ತುಂಬುವ ಮೊದಲೇ ಅವಳು ಮುಂದೆ ನಡೆದಳು.

ಕುರುಗೋಡಿನ ಹಳೇ ಪೇಟೆ ಈಗ ನೋಡುವ ಹಾಗಾಗಿತ್ತು. ಬೆಟ್ಟದ ಕೆಳಗೆ ವರ್ಷಗಟ್ಟಲೆ ಬಾಗಿಲು ಹಾಕಿದ್ದ ಅಂಗಡಿಗಳ ಗೋಡೆಗೆ ಹೊಸ ಸುಣ್ಣದ ಗಾರೆ, ಮರದ ಕಂಬಗಳಿಗೆ ಎಣ್ಣೆ. ಭಾನುವಾರವಾದ್ದರಿಂದ ಬಳ್ಳಾರಿಯಿಂದಲೂ ಜನ ಬಂದಿದ್ದರು. ತಾಯಿಯಿಲ್ಲದ ಮೌನಿಕಾಳನ್ನು ಸಾಕಿ ಬೆಳೆಸಿದ ದೊಡ್ಡಮ್ಮ ಹೊನ್ನೂರಮ್ಮ, ತನ್ನ ಅಪ್ಪನ ಬಳೆ ಅಂಗಡಿಯನ್ನು ನೋಡಬೇಕೆಂದು ಹಟ ಹಿಡಿದೇ ಬಂದಿದ್ದಳು.

ಅಂಗಡಿ ಸಿಕ್ಕಿತು. ಗೋಡೆಯಲ್ಲಿ ಅಪ್ಪ ದೀಪ ಇಡುತ್ತಿದ್ದ ಗೂಡು ಕೂಡ ಹಾಗೇ ಇತ್ತು. ಹೊನ್ನೂರಮ್ಮ ಅದರೊಳಗೆ ಕೈಯಾಡಿಸಿದಳು.

“ಯಾರು ಮಾಡಿದ್ರವ್ವ ಇದನ್ನ?” ಪಕ್ಕದಲ್ಲಿ ಚಹಾ ಮಾರುತ್ತಿದ್ದ ಮೂಕಮ್ಮನನ್ನು ಕೇಳಿದಳು.

“ನಮ್ಮೂರ ಗೌಂಡಿ, ಕರಿಬಸವ. ಮಂದಿ ಕೆಡವಿ ಸಿಮೆಂಟ್ ಹಾಕು ಅಂದ್ರು, ಅಂವ ಕೇಳಲಿಲ್ಲ. ಸುಣ್ಣಕ್ಕ ಬೆಲ್ಲದ ನೀರು ಹಾಕಿ ತಾನೇ ಅರೆದು ಹಚ್ಚಿದ. ಇದೊಂದಕ್ಕ ಮೂರು ತಿಂಗಳು ಹಿಡೀತು.”

ಆ ಹೆಸರು ಕೇಳಿ ಹೊನ್ನೂರಮ್ಮ ಮೆಲ್ಲಗೆ ಕಟ್ಟೆಯ ಮೇಲೆ ಕೂತಳು.

“ಮೌನೀ... ಅವ್ರು ನಿನ್ನ ಬ್ಯಾಡ ಅನ್ನಲಿಲ್ಲವ್ವ. ನಾನೇ ಫೋನ್ ಮಾಡಿ, ಹುಡುಗಿಗಿ ಒಪ್ಪಿಗಿ ಇಲ್ಲ ಅಂದೆ.”

ಮೌನಿಕಾಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

“ಓದಿಸಿದ ಹುಡುಗಿನ ಗೌಂಡಿಗಿ ಕೊಡೂದೇನು ಅನ್ನಿಸ್ತು. ಸರ್ಕಾರಿ ನೌಕರಿಯಾವ ಬರ್ತಾನ ಅಂದ್ಕಂಡೆ. ತಪ್ಪಾತವ್ವ.”

“ಎರಡು ವರ್ಷ ಕನ್ನಡಿ ನೋಡಿದಾಗೆಲ್ಲ ನನ್ನಾಗ ಏನು ಕಮ್ಮಿ ಐತಿ ಅಂತ ಹುಡುಕೀನಿ, ದೊಡ್ಡಮ್ಮ...”

ಹೊನ್ನೂರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಮೌನಿಕಾಳಿಗೆ ಸಿಟ್ಟು, ಅಳು ಒಟ್ಟಿಗೇ ಬಂದವು. ಆದರೂ ಎದೆಯ ಮೇಲಿನ ಭಾರವೊಂದು ಇಳಿದಂತಾಗಿತ್ತು. ಅವನು ನನ್ನನ್ನು ಬೇಡ ಅಂದಿರಲಿಲ್ಲ...

“ಮನಿಗಿ ಹೋಗಿ ನಿನ್ನ ಕೂಡ ಜಗಳ ಆಡ್ತೀನಿ. ಈಗ ಇಲ್ಲೇ ಕುಂದ್ರು” ಎಂದಳು. ಆಮೇಲೆ ಮೂಕಮ್ಮನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದಳು: “ಅವ್ರಿಗೆ... ಮದುವಿ ಆಗೈತೇನ್ರಿ?”

“ಎಲ್ಲಿ ಆಗೈತಿ? ಹೆಣ್ಣು ನೋಡಾಕ ಹೋಗಪ್ಪಾ ಅಂದ್ರ, ಒಮ್ಮಿ ಹೋಗಿದ್ದೆ, ಸಾಕು ಅಂತಾನ.”

ಕರಿಬಸವ ಏಣಿಯಿಂದ ಇಳಿದು ಕೈ ತೊಳೆಯುತ್ತಿದ್ದ. ಅವಳು ಎದುರಿಗೆ ಹೋಗಿ ನಿಂತಳು.

“ನಾನು ಒಲ್ಲೆ ಅಂದೆ ಅಂತ ನಿಮಗ ಹೇಳಿದ್ರು, ಹೌದಲ್ರಿ?”

“ಹೌದ್ರಿ. ಅದು ನಿಮ್ಮಿಷ್ಟ. ನಾನೇನು ಬ್ಯಾಸರ ಮಾಡ್ಕಂಡಿಲ್ಲ.”

ಅದು ಸುಳ್ಳೆಂದು ಅವನ ಮುಖವೇ ಹೇಳುತ್ತಿತ್ತು.

“ನಾನು ಅವತ್ತೇ ಹೂಂ ಅಂದಿದ್ದೆ. ಆ ಮಾತು ನಿಮ್ಮ ತನಕ ಬರಲಿಲ್ಲ.”

ಅವನು ಅತ್ತ ಕಟ್ಟೆಯ ಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದ ಹೊನ್ನೂರಮ್ಮನನ್ನು ನೋಡಿದ. ಯಾರು, ಯಾಕೆ ಎಂದು ಕೇಳಲಿಲ್ಲ.

“ಈ ಸಲ ನಾನೇ ಕೇಳ್ತೀನ್ರಿ. ನಡುವ ಯಾರೂ ಬ್ಯಾಡ. ನನ್ನ ಮದುವಿ ಆಗ್ತೀರೇನು?” ಎಂದ ಕರಿಬಸವ.

ಅವಳ ಕೆನ್ನೆ ಬಿಸಿಯಾಯಿತು. “ಆಗ್ತೀನಿ. ಆದರ ಸಿರುಗುಪ್ಪದ ಸಾಲಿ ಬಿಡೂದಿಲ್ಲ.”

“ಬಿಡ್ರಿ ಅಂದೋರ್ಯಾರು? ಬೆಳಿಗ್ಗಿ ನಾನೇ ಬಸ್ಸು ಹತ್ತಿಸ್ತೀನಿ.”

“ಸಂಜೀಕ?”

“ಸಂಜೀಕ ಸ್ಟ್ಯಾಂಡಿನಾಗ ನಿಂತಿರ್ತೀನಿ.”

“ದಿನಾ?”

“ದಿನಾನೂ ರೀ.”