ಮಳೆಯ ಜಾಗದಲ್ಲಿ ಬರೆದ ಮಾತು

ಬೆಳಿಗ್ಗೆ ಎಂಟಕ್ಕೆ ಮಳೆ ಅಳೆಯುವುದು ನಮ್ಮ ಕಾಫಿ ತೋಟದವರ ರೂಢಿ. ಕುಶಾಲನಗರದ ಕೆಲವು ಬೆಳೆಗಾರರಿಗಾಗಿ ನನ್ನ ಮಗಳು ದಿವ್ಯಶ್ರೀ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದಳು. ಫೋನಿನಲ್ಲಿ ಬರೆದ ಅಳತೆ ಜೇಸನ್ ರೂಪದಲ್ಲಿ, ಅಂದರೆ ‘ಮಳೆ’ ಎಂಬ ಹೆಸರಿನ ಎದುರು ಅದರ ಅಂಕಿ ಇರುವ ಬರಹವಾಗಿ, ಅದಕ್ಕೆ ತಲುಪುತ್ತದೆ. ನನ್ನ ಹೆಂಡತಿ ಶಕುಂತಲಮ್ಮ ಮಾತ್ರ ಅಂಕಿಯ ಜಾಗದಲ್ಲಿ “ಅರ್ಧ ಇಂಚು, ಶಿವನ ದಯೆ” ಎಂದು ಬರೆಯುತ್ತಿದ್ದಳು. ಪ್ರೋಗ್ರಾಂ ಅದನ್ನು ತಿರಸ್ಕರಿಸುತ್ತಿತ್ತು. ಕೊನೆಗೆ ಮಗಳೇ ಸೋತು, ಬಂದದ್ದನ್ನು ಬಿಡಿಸಿ ನೋಡದೆ ಇಡಿಯಾಗಿ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು, ಎಂದೇ ಉಳಿಸಿಕೊಳ್ಳುವಂತೆ ಬದಲಿಸಿದಳು.

ಶಕುಂತಲಮ್ಮ ಲಿಂಗೈಕ್ಯಳಾದ ಹದಿನೈದನೆಯ ದಿನ ಬೆಳಿಗ್ಗೆ ಮಗಳು ಲ್ಯಾಪ್‌ಟಾಪ್ ತೆರೆದಳು.

“ಅಪ್ಪಾಜಿ, ಇನ್ನು ಅಂಕಿ ಮಾತ್ರ ತಗೊಳ್ಳೋ ಹಾಗೆ ಮಾಡ್ತೀನಿ. ಮಳೆ ಲೆಕ್ಕ ಕೂಡಿಸೋಕಾಗ್ತಿಲ್ಲ ಅಂತ ಬೆಳೆಗಾರರೆಲ್ಲ ಬೈತಿದಾರೆ.”

“ಬ್ಯಾಡ ಕಣವ್ವ. ಅವಳ ಮಾತು ಬರೋ ದಾರಿ ಅದೊಂದೇ.”

“ಅಮ್ಮ ಇನ್ನೆಲ್ಲಿಂದ ಕಳಿಸ್ತಾರೆ, ಅಪ್ಪಾಜಿ?”

ಗಂಟೆ ಎಂಟಾಯಿತು. ಕೋಣೆಯಲ್ಲಿ ಶಕುಂತಲಮ್ಮ ದಿನಾ ಹಣೆಗೆ ಹಚ್ಚುತ್ತಿದ್ದ ಒದ್ದೆ ವಿಭೂತಿಯ ವಾಸನೆ ಹರಡಿತು. ಪರದೆಯ ಮೇಲೆ ಹೊಸ ಸಾಲೊಂದು ಮೂಡಿತು. ಕಳಿಸಿದ್ದು ಅವಳ ಫೋನು. ಮಳೆ ಎಂಬಲ್ಲಿ ಹೀಗಿತ್ತು: “ಇಲ್ಲ. ನಿಮ್ಮಪ್ಪ ಇನ್ನೂ ಕಾಫಿ ಕುಡಿದಿಲ್ಲ.”

ನಾನು ಕುಡಿದಿರಲಿಲ್ಲ, ನಿಜ. ಮಗಳು ಏನೂ ಬದಲಿಸದೆ ಲ್ಯಾಪ್‌ಟಾಪ್ ಮುಚ್ಚಿ, ಹಾಲು ಕಾಯಿಸಲು ಎದ್ದಳು. ದೇವರ ಗೂಡಿನಲ್ಲಿಟ್ಟಿದ್ದ ಫೋನನ್ನು ನಾನು ಮುಟ್ಟಿ ನೋಡಿದೆ. ಅದರ ಚಾರ್ಜ್ ಮುಗಿದು ಎರಡು ವಾರವಾಗಿತ್ತು. ಆದರೂ ಅದು ಬೆಚ್ಚಗಿತ್ತು.